ಅರ್ಧ ವೋಲ್ಟಿನಿಂದ ಅರ್ಧ ಮಿಲಿವೋಲ್ಟಿಗೆ

ನಮ್ಮ ಚಿಕ್ಕೋಡಿ ಕಡೆ ಧ್ವನಿಗೆ ಮೊದಲಿನಿಂದಲೂ ಒಂದೇ ಅಳತೆ: ಅದು ಎಷ್ಟು ದೂರ ಕೇಳಿಸುತ್ತದೆ ಎನ್ನುವುದು. ಮದುವೆ ಮನೆಯ ಮೈಕಿನ ಹಾಡು ಪಕ್ಕದ ಊರಿನಲ್ಲಿ ಕಬ್ಬಿಗೆ ನೀರು ಹಾಯಿಸುವವನಿಗೆ ಕೇಳಿಸಿತೆಂದರೆ ಸೆಟ್ ಛಲೋ ಇದೆ. ಕೇಳಿಸಲಿಲ್ಲವೆಂದರೆ ಬಾಡಿಗೆ ಕೊಡುವಾಗ ಬೀಗರು ಮುಖ ಸಿಂಡರಿಸುತ್ತಾರೆ. ಈಗ ಮೈಕ್‌ಸೆಟ್ಟಿನ ಜಾಗಕ್ಕೆ ‘ಡಾಲ್ಬಿ’ ಬಂದಿದೆ. ಡಾಲ್ಬಿ ಎಂದರೆ ನಮ್ಮಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಗೋಡೆಯ ಹಾಗೆ ಪೇರಿಸಿದ ಸ್ಪೀಕರುಗಳು. ಗಣಪತಿ ಕಳಿಸುವ ದಿನ ಅದು ನಿಪ್ಪಾಣಿಯ ಪೇಟೆಯಲ್ಲಿ ಹಾಯ್ದು ಹೋದರೆ ಅಂಗಡಿಗಳ ಶಟರುಗಳು ನಡುಗುತ್ತವೆ. ಅಳತೆ ಮಾತ್ರ ಅದೇ ಹಳೆಯದು.

ನನ್ನ ಅಪ್ಪ ಇಪ್ಪತ್ತೈದು ವರ್ಷ ಆ ಅಳತೆಯಿಂದಲೇ ಹೊಟ್ಟೆ ಹೊರೆದವನು. ಚಿಕ್ಕೋಡಿಯಲ್ಲಿ ಅವನದೊಂದು ಮೈಕ್‌ಸೆಟ್ ಅಂಗಡಿ ಇತ್ತು. ಒಂದು ಆಂಪ್ಲಿಫಾಯರ್, ಎರಡು ಭೋಂಗಾ, ಒಂದು ಬ್ಯಾಟರಿ, ಒಂದು ರೆಕಾರ್ಡ್ ಪ್ಲೇಯರ್, ಎರಡು ಕಬ್ಬಿಣದ ಟ್ರಂಕಿನ ತುಂಬ ಪ್ಲೇಟುಗಳು. ನಾವು ‘ಪ್ಲೇಟು’ ಎನ್ನುತ್ತಿದ್ದುದನ್ನು ಪಕ್ಕದ ಮನೆಯ ಮರಾಠಿಯವರು ‘ತಬಕಡಿ’ ಎನ್ನುತ್ತಿದ್ದರು. ಆ ಪ್ಲೇಯರಿನ ಕಾರ್ಟ್ರಿಜ್ ಕ್ರಿಸ್ಟಲ್ ಜಾತಿಯದು. ಒತ್ತಿದರೆ ವಿದ್ಯುತ್ತು ಕೊಡುವ ಹರಳು ಅದರೊಳಗೆ. ಸುಮಾರು ಅರ್ಧ ವೋಲ್ಟ್ ಕೊಡುತ್ತಿತ್ತು. ನಡುವೆ ಬೇರೆ ಯಾವ ಸಲಕರಣೆಯೂ ಬೇಡ, ನೇರ ಆಂಪ್ಲಿಫಾಯರಿಗೆ ಸಿಕ್ಕಿಸಿದರೆ ಬೇವಿನ ಮರದ ಮೇಲಿನ ಭೋಂಗಾ ಕೂಗುತ್ತಿತ್ತು. ನಾನು ನಿವೃತ್ತನಾದ ಮೇಲೆ ಕೊಂಡ ಟರ್ನ್‌ಟೇಬಲಿನಲ್ಲಿ ಇದ್ದದ್ದು ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್. ಅದು ಕೊಡುವುದು 4 ಮಿಲಿವೋಲ್ಟ್. ಹೋದ ವರ್ಷ ಅದನ್ನು ಬಿಚ್ಚಿ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಹಾಕಿದೆ. ಅದು ಕೊಡುವುದು 0.4 ಮಿಲಿವೋಲ್ಟ್, ಅಪ್ಪನ ಹರಳಿನ ಸಾವಿರದ ಒಂದು ಪಾಲಿಗೂ ಕಡಿಮೆ. ಎರಡು ತಲೆಮಾರಿನಲ್ಲಿ ನಮ್ಮ ಮನೆಯ ಧ್ವನಿ ಇಷ್ಟು ಸಣ್ಣದಾಗಿದೆ. ಹೀಗೆ ಸಣ್ಣದಾಗಲು ನಾನು ದುಡ್ಡು ಕೊಟ್ಟಿದ್ದೇನೆ. ಒಂದು ತಿಂಗಳ ಪಿಂಚಣಿ ಪೂರ್ತಿ ಅದಕ್ಕೇ ಹೋಯಿತು. “ಇಷ್ಟ ರೊಕ್ಕಾ ಕೊಟ್ಟು ದನಿ ಕಡಿಮಿ ಮಾಡ್ಕೊಂಡ ಬಂದ್ರ್ಯಾ?” ಎಂದು ಮನೆಯವಳು ಕೇಳಿದಳು. ಕೇಳಿದ್ದು ತಪ್ಪೇನಲ್ಲ.

ಅಪ್ಪನ ಎರಡು ಟ್ರಂಕುಗಳಲ್ಲಿ ಒಂದು ಕನ್ನಡದ್ದು, ಒಂದು ಮರಾಠಿಯದು. ಅಥಣಿ, ರಾಯಬಾಗದ ಕಡೆ ಹೊರಟರೆ ಮೊದಲನೆಯದು ಮೇಲೆ: ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳು. ನಿಪ್ಪಾಣಿ ಕಡೆ ಹೊರಟರೆ ಎರಡನೆಯದು ಮೇಲೆ: ನಾಟ್ಯಗೀತೆ, ಅಭಂಗ, 1972ರ ‘ಪಿಂಜರಾ’ ಸಿನಿಮಾದ ಲಾವಣಿಗಳು. ಎರಡನ್ನೂ ಒಯ್ಯದೆ ಮಾತ್ರ ಯಾವ ಊರಿಗೂ ಹೋಗುತ್ತಿರಲಿಲ್ಲ. ಕನ್ನಡದ ಮದುವೆಯಲ್ಲೂ ಊಟದ ಪಂಕ್ತಿಗೆ ಲಾವಣಿ ಕೇಳುವ ಮಾವಂದಿರಿದ್ದರು. ಮರಾಠಿ ಮನೆಯಲ್ಲೂ ಅಕ್ಷತೆಯ ಮುಂಚೆ ಲಕ್ಷ್ಮಿಯನ್ನು ಕನ್ನಡದಲ್ಲಿ ಕರೆಯಬೇಕೆನ್ನುವ ಅಜ್ಜಿಯರಿದ್ದರು. ಗಡಿಯ ಜಗಳ ಜೋರಾಗಿದ್ದ ವರ್ಷಗಳಲ್ಲಿ ಅಪ್ಪ ಊರಿನ ಅಗಸಿಯಲ್ಲಿ ಸೈಕಲ್ ನಿಲ್ಲಿಸಿ, ಮೊದಲ ಪ್ಲೇಟು ಯಾವುದಿರಬೇಕು ಎಂದು ಯಾರನ್ನಾದರೂ ವಿಚಾರಿಸಿಕೊಂಡೇ ಒಳಗೆ ಹೋಗುತ್ತಿದ್ದ. ಎರಡನೇ ಪ್ಲೇಟಿನ ಬಗ್ಗೆ ಯಾರೂ ತಕರಾರು ಮಾಡುತ್ತಿರಲಿಲ್ಲವಂತೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ, 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರ ಸಭೆಗಳು, ಚುನಾವಣೆಯ ಭಾಷಣ, ಎಲ್ಲಕ್ಕೂ ಅದೇ ಎರಡು ಭೋಂಗಾ.

ಆಮೇಲೆ ಕ್ಯಾಸೆಟ್ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾದ ‘ನಿತ್ಯೋತ್ಸವ’ 1978ರದ್ದು. ಐದಾರು ವರ್ಷಗಳಲ್ಲಿ ಪ್ಲೇಟಿನ ಟ್ರಂಕುಗಳು ಅಟ್ಟ ಏರಿದವು. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾಗಿ, ಅಟ್ಟ ಸ್ವಚ್ಛ ಮಾಡುವ ನೆಪದಲ್ಲಿ ಅವನ್ನು ಇಳಿಸಿದಾಗ ನೂರೈವತ್ತರಷ್ಟು ಎಲ್‌ಪಿ, ಇಪಿಗಳೂ ಮೂವತ್ತರಷ್ಟು ಅರಗಿನ 78 ವೇಗದ ಪ್ಲೇಟುಗಳೂ ಉಳಿದಿದ್ದವು.

ಕಾರ್ಟ್ರಿಜ್ ಯಾಕೆ ಬದಲಿಸಬೇಕಾಯಿತು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಟ್ರಿಜ್ ಎಂದರೆ ಟರ್ನ್‌ಟೇಬಲಿನ ಕೈಯ ತುದಿಯಲ್ಲಿ ಬೆರಳಿನ ಎರಡು ಗೆಣ್ಣಿನಷ್ಟು ದೊಡ್ಡದಾದ ಒಂದು ಪೆಟ್ಟಿಗೆ. ಅದರ ಕೆಳಗೆ ಸಣ್ಣ ಕಡ್ಡಿ, ಕಡ್ಡಿಯ ತುದಿಗೆ ವಜ್ರದ ಮುಳ್ಳು. ಪ್ಲೇಟಿನ ಗೆರೆಯಲ್ಲಿ ಮುಳ್ಳು ಅಲುಗಿದ ಹಾಗೆ ಕಡ್ಡಿಯ ಇನ್ನೊಂದು ತುದಿಯೂ ಅಲುಗುತ್ತದೆ. ಆ ಅಲುಗಾಟವನ್ನು ವಿದ್ಯುತ್ತಾಗಿಸುವ ಉಪಾಯ 1831ರಲ್ಲಿ ಫ್ಯಾರಡೆ ತೋರಿಸಿದ್ದು: ತಂತಿಯ ಸುರುಳಿಯ ಹತ್ತಿರ ಅಯಸ್ಕಾಂತ ಅಲುಗಿದರೆ ತಂತಿಯಲ್ಲಿ ವಿದ್ಯುತ್ತು, ಅಯಸ್ಕಾಂತ ನಿಂತು ಸುರುಳಿ ಅಲುಗಿದರೂ ವಿದ್ಯುತ್ತು. ಮೊದಲನೆಯ ಬಗೆ ಮೂವಿಂಗ್ ಮ್ಯಾಗ್ನೆಟ್. ಎರಡನೆಯದು ಮೂವಿಂಗ್ ಕಾಯಿಲ್. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಎರಡೂ ಒಂದೇ ಎಂದು ಹೇಳಿಕೊಟ್ಟಿದ್ದೇನೆ. ಸೂತ್ರದಲ್ಲಿ ಒಂದೇ. ಮುಳ್ಳಿಗೆ ಮಾತ್ರ ಒಂದೇ ಅಲ್ಲ. ಕಬ್ಬಿನ ಹೊರೆ ಹೊತ್ತವನೂ ಖಾಲಿ ಕೈಯವನೂ ಒಂದೇ ಬದುವಿನ ಮೇಲೆ ನಡೆಯುತ್ತಾರೆ ಎಂದುಕೊಳ್ಳಿ. ಬದು ನೆಟ್ಟಗಿರುವವರೆಗೆ ಇಬ್ಬರೂ ಸಮ. ಗಕ್ಕನೆ ತಿರುವು ಬಂದಾಗ ಹೊರೆಯವನು ಸ್ವಲ್ಪ ತಡವಾಗಿ ತಿರುಗುತ್ತಾನೆ. ಕಡ್ಡಿಯ ತುದಿಗೆ ಅಯಸ್ಕಾಂತ ಕಟ್ಟುವ ಬದಲು ಕೂದಲಿಗಿಂತ ತೆಳುವಾದ ತಂತಿಯ ಕೆಲವೇ ಸುತ್ತು ಕಟ್ಟಿದರೆ ಹೊರೆ ಇಳಿಯುತ್ತದೆ, ಮುಳ್ಳು ತಿರುವಿನಲ್ಲಿ ತಿರುಗುತ್ತದೆ. ಸುತ್ತು ಕಡಿಮೆಯಾದ್ದರಿಂದ ವಿದ್ಯುತ್ತೂ ಕಡಿಮೆ. 0.4 ಮಿಲಿವೋಲ್ಟಿನ ಗುಟ್ಟು ಇಷ್ಟೇ.

ಇದಕ್ಕೆ ಇಚಲಕರಂಜಿಯಲ್ಲಿರುವ ನನ್ನ ಗೆಳೆಯನ ಆಕ್ಷೇಪ ಇತ್ತು. ಅವನು ನನಗಿಂತ ಮೊದಲೇ ಈ ಹುಚ್ಚಿಗೆ ಬಿದ್ದವನು. “ಸರ್, ಫರಕು ಸುರುಳಿಯದಲ್ಲ, ಮುಳ್ಳಿನ ಆಕಾರದ್ದು” ಎಂದು ಅವನ ವಾದ. ಅದರಲ್ಲಿ ಹುರುಳಿದೆ. ಅಪ್ಪನ ಕಾಲದ ಮುಳ್ಳು ದುಂಡು ಮೊನೆಯದು. ಗೆರೆಯ ಗೋಡೆಗಳನ್ನು ಒಂದೊಂದೇ ಚುಕ್ಕೆಯಲ್ಲಿ ಮುಟ್ಟುತ್ತದೆ, ಆ ಚುಕ್ಕೆಯ ದಾರಿಯನ್ನೇ ಸವೆಸುತ್ತದೆ. ನನ್ನ ಮೊದಲ ಕಾರ್ಟ್ರಿಜ್, ಆಡಿಯೋ-ಟೆಕ್ನಿಕಾದ ವಿಎಂ95ಇ, ಮೊಟ್ಟೆಯಾಕಾರದ ಮೊನೆಯದು. ಈಗಿನದು ಅದೇ ಕಂಪನಿಯ ಓಸಿ9 ಎಕ್ಸ್‌ಎಂಎಲ್. ಅದರ ‘ಮೈಕ್ರೋಲೀನಿಯರ್’ ಮೊನೆ ಗೋಡೆಯನ್ನು ಚುಕ್ಕೆಯಾಗಿ ಅಲ್ಲ, ಮೇಲಿಂದ ಕೆಳಗೆ ತೆಳುಗೆರೆಯಾಗಿ ಮುಟ್ಟುತ್ತದೆ. ಹಳೆಯ ಮುಳ್ಳು ಸವೆಸದೆ ಬಿಟ್ಟ ಭಾಗವನ್ನೂ ಓದುತ್ತದೆ. ಇಂಥದೇ ಮೊನೆಯನ್ನು ನನ್ನ ಹಳೆಯ ಮ್ಯಾಗ್ನೆಟ್ ಕಾರ್ಟ್ರಿಜ್ಜಿಗೂ ಸಿಕ್ಕಿಸಬಹುದಿತ್ತು, ಕಾಲು ಭಾಗಕ್ಕಿಂತ ಕಡಿಮೆ ಬೆಲೆಯಲ್ಲಿ. ಗೆಳೆಯನ ಮನೆಯಲ್ಲಿ ಹಾಗೆ ಮಾಡಿದ್ದನ್ನು ಒಂದು ಭಾನುವಾರವಿಡೀ ಕೇಳಿದೆ. ಸವೆದ ಪ್ಲೇಟಿನ ಕರಕರ ಬಹಳಷ್ಟು ಇಳಿದಿತ್ತು. ಓದುಗರಲ್ಲಿ ಯಾರಾದರೂ ಇದೇ ದಾರಿಯಲ್ಲಿದ್ದರೆ ಅಲ್ಲಿಗೇ ನಿಲ್ಲಬಹುದು, ಮುಕ್ಕಾಲು ಪಾಲು ಲಾಭ ಅಲ್ಲೇ ಇದೆ. ನನಗೆ ಬೇಕಿದ್ದುದು ಉಳಿದ ಕಾಲು ಪಾಲು.

ಹೊಸ ಕಾರ್ಟ್ರಿಜ್ ಕೂರಿಸಲು ಎರಡು ಸಂಜೆ ಹಿಡಿಯಿತು. ಒಳಗಿನ ಅಯಸ್ಕಾಂತ ಬಲವಾದ್ದು, ಕಬ್ಬಿಣದ ಸ್ಕ್ರೂ ಡ್ರೈವರನ್ನು ದೂರದಿಂದಲೇ ಎಳೆಯುತ್ತದೆ. ಕೈ ಜಾರಿದರೆ ಕಡ್ಡಿ ಮುರಿದು ಪಿಂಚಣಿ ನೀರಿಗೆ ಹೋದಂತೆ. ಮ್ಯಾಗ್ನೆಟ್ ಬಗೆಯದರಲ್ಲಿ ಮುಳ್ಳು ಸವೆದರೆ ಮನೆಯಲ್ಲೇ ಕಿತ್ತು ಹೊಸದು ಸಿಕ್ಕಿಸಬಹುದು, ಇದರಲ್ಲಿ ಹಾಗಿಲ್ಲ. ಕೆಂಪು, ಬಿಳಿ, ಹಸಿರು, ನೀಲಿ, ನಾಲ್ಕು ತಂತಿಗಳನ್ನು ಚಿಮಟದಿಂದ ಒಂದೊಂದಾಗಿ ಸೇರಿಸಿದೆ. ಅಕ್ಕಸಾಲಿಗರ ತಕ್ಕಡಿಯಂಥ ಪುಟ್ಟ ಯಂತ್ರದ ಮೇಲೆ ಮುಳ್ಳಿನ ಭಾರ ಸರಿಯಾಗಿ 2 ಗ್ರಾಂ ಇಟ್ಟೆ. ಅಪ್ಪನ ಪ್ಲೇಯರಿನ ಕೈ ಇದರ ಮೂರು ನಾಲ್ಕು ಪಟ್ಟು ಭಾರ ಹೇರುತ್ತಿತ್ತು. ಕೊನೆಗೆ 0.4ನ್ನು 4 ಮಾಡಲು ಹತ್ತು ಪಟ್ಟಿನ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರನ್ನು ನಡುವೆ ಇಟ್ಟೆ.

ಹಚ್ಚಿದರೆ ಹಾಡಿನ ಕೆಳಗೆ ಗುಂಯ್ ಎನ್ನುವ ಸದ್ದು. 50 ಹರ್ಟ್ಸ್, ನಮ್ಮ ಮನೆಯ ಕರೆಂಟಿನ ಸ್ವಂತ ದನಿ. ಕೇಬಲ್ ಬದಲಿಸಿದೆ, ಅರ್ಥ್ ತಂತಿ ಬಿಚ್ಚಿ ಕಟ್ಟಿದೆ, ಹಿತ್ತಲಿನ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹೊಯ್ದೆ. ಇಳಿಯಿತು, ಹೋಗಲಿಲ್ಲ.

ಅಪ್ಪನಿಗೀಗ ಎಂಬತ್ತಾರು. ಕಿವಿ ಹೆಚ್ಚುಕಡಿಮೆ ಹೋದ ಹಾಗೆಯೇ. ಭೋಂಗಾದ ಕೆಳಗೆ ಇಪ್ಪತ್ತೈದು ವರ್ಷ ಕೂತದ್ದಕ್ಕೆ ಸಂದ ಬಾಡಿಗೆ ಅದು. ಇಂಥ ಕಿವುಡಿನಲ್ಲಿ ಎತ್ತರದ ದನಿ ಮೊದಲು ಹೋಗುತ್ತದೆ. ಮೊಮ್ಮಕ್ಕಳ ಮಾತು, ಹಕ್ಕಿ, ಕುಕ್ಕರಿನ ಸೀಟಿ ಯಾವುದೂ ಕೇಳಿಸುವುದಿಲ್ಲ. ಆದರೆ ತಳದ ದನಿ ಕೊನೆಯವರೆಗೂ ಉಳಿಯುತ್ತದೆ. ಅವನು ಪಡಸಾಲೆಯಿಂದ ಎದ್ದು ಬಂದು ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ.

“ಗುಂಯ್ ಅನ್ನಾಕತ್ತೈತಲ್ಲೋ.”

“ಹೌದಪ್ಪಾ. ಅರ್ಥ್ ಎಲ್ಲಾ ನೋಡೀನಿ.”

“ಅರ್ಥಿಂದಲ್ಲ ಅದು. ಈ ಸಣ್ಣ ಡಬ್ಬಿ ಏನು?”

“ಟ್ರಾನ್ಸ್‌ಫಾರ್ಮರ್.”

“ಮತ್ತ ಅದರ ಬಾಜೂಕ ಇದ್ದದ್ದು?”

ಅದು ಆಂಪ್ಲಿಫಾಯರ್, ಅದರ ಹೊಟ್ಟೆಯಲ್ಲೂ ಕರೆಂಟಿನ ದೊಡ್ಡ ಟ್ರಾನ್ಸ್‌ಫಾರ್ಮರ್. ಶೆಲ್ಫಿನಲ್ಲಿ ಇದ್ದ ಜಾಗವೇ ಅಷ್ಟು. ಅಪ್ಪ ನಕ್ಕ. “ಎರಡೂ ಮಗ್ಗಲದಾಗ ಕುಂತ್ರ ಮಾತಾಡದ ಬಿಡ್ತಾವೇನು? ದೂರ ಒಯ್ಯಿ. ಆಗದಿದ್ರ ಅಡ್ಡ ತಿರಗಸು.”

ಪೆಟ್ಟಿಗೆಯ ಮೇಲಿನ ಕೈ ತೆಗೆಯದೆ ಅವನು ನಿಂತ, ನಾನು ಆ ಡಬ್ಬಿಯನ್ನು ತಂತಿ ಎಟಕುವಷ್ಟು ದೂರ ಎಳೆದು, ಗಡಿಯಾರದ ಮುಳ್ಳಿನ ಹಾಗೆ ನಿಧಾನಕ್ಕೆ ತಿರುಗಿಸಿದೆ. ಒಂದು ಕೋನಕ್ಕೆ ಬಂದಾಗ “ಹಾಂ, ಬಿಡು” ಎಂದ. ಗುಂಯ್ ಇರಲಿಲ್ಲ. ದೊಡ್ಡದರ ಕಾಂತಕ್ಷೇತ್ರ ಸಣ್ಣದರ ಸುರುಳಿಯನ್ನು ದಾಟದೆ ಪಕ್ಕದಲ್ಲಿ ಹಾಯ್ದು ಹೋಗುವ ಕೋನ ಅದು ಎಂದು ನಾನು ಪಾಠದಲ್ಲಿ ಹೇಳಬಲ್ಲೆ. ಅಪ್ಪನಿಗೆ ಅದು ಅಂಗೈಯಲ್ಲಿ ಗೊತ್ತಿತ್ತು.

ಸದ್ದು ಹೋದ ಮೇಲೆ ಕೇಳಿಸಿದ್ದು ತಂಬೂರಿ. ಮಲ್ಲಿಕಾರ್ಜುನ ಮನ್ಸೂರರ ಒಂದು ಎಲ್‌ಪಿ. ಮೊದಲಿನ ಕಾರ್ಟ್ರಿಜ್ಜಿನಲ್ಲಿ ತಂಬೂರಿ ಇತ್ತು ಎಂದು ಗೊತ್ತಾಗುತ್ತಿತ್ತು, ಹಿಂದೆ ಎಲ್ಲೋ ಜೇನುಹುಟ್ಟಿನ ಹಾಗೆ. ಈಗ ನಾಲ್ಕು ತಂತಿಗಳನ್ನು ಎಣಿಸಬಹುದಿತ್ತು. ಒಂದು ತಂತಿ ಮೀಟಿದ ಮೇಲೆ ಅದರ ಹೊಟ್ಟೆಯಿಂದ ಮೇಲಿನ ಸ್ವರಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದು, ಅಷ್ಟರಲ್ಲಿ ಮುಂದಿನ ತಂತಿ ಬಂದು ಅದನ್ನು ಎತ್ತಿಕೊಳ್ಳುವುದು ಬೇರೆ ಬೇರೆಯಾಗಿ ಕೇಳುತ್ತಿತ್ತು. ಮನ್ಸೂರರು ಷಡ್ಜ ಹಚ್ಚುವ ಮುಂಚೆ ಎಳೆದುಕೊಂಡ ಉಸಿರೂ ಇತ್ತು.

ಈ ಸಂಗೀತ ನಮಗೆ ದೂರದ್ದಲ್ಲ. ಮನ್ಸೂರರು ಕಲಿತದ್ದು ಮಿರಜೆಯಲ್ಲಿ ನೀಲಕಂಠಬುವಾ ಅವರ ಹತ್ತಿರ. ಆಮೇಲೆ ಕೊಲ್ಹಾಪುರದ ಆಸ್ಥಾನದಲ್ಲಿದ್ದ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಹತ್ತಿರ. ಧಾರವಾಡದಿಂದ ಮಿರಜೆಗೆ ಹೋಗುವ ರೈಲು ಹಾಯುವುದು ನಮ್ಮ ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳದ ಮೇಲೆ. ಕಾಗವಾಡದಿಂದ ಮಿರಜೆ ಹತ್ತು ಹದಿನೈದು ಕಿಲೋಮೀಟರು. ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡ ಮೇಲೆ ಮಣ್ಣಾದದ್ದು ಅಲ್ಲಿನ ದರ್ಗಾದ ಅಂಗಳದಲ್ಲಿ. ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಮಿರಜೆಯ ಶಿಕಲಗಾರ ಮನೆತನಗಳು ಹತ್ತೊಂಬತ್ತನೇ ಶತಮಾನದಲ್ಲಿ ಸಿತಾರ, ತಂಬೂರಿ ಮಾಡಲು ತೊಡಗಿದವು, ಇಂದಿಗೂ ಮಾಡುತ್ತಿವೆ. ಆ ಕಾರಿಗರಲ್ಲಿ ನನಗೆ ಪರಿಚಯದ ಒಬ್ಬರಿದ್ದಾರೆ. ಚಿಕ್ಕೋಡಿಗೆ ಬಂದಾಗ ಮನೆಗೆ ಕರೆದೆ. ಯಾವ ಕಾರ್ಟ್ರಿಜ್ ಎಂದು ಹೇಳದೆ, ಅದೇ ಪ್ಲೇಟಿನ ಅದೇ ಭಾಗವನ್ನು ಎರಡರಲ್ಲೂ ಹಚ್ಚಿದೆ. ಅವರು ಕಣ್ಣು ಮುಚ್ಚಿ ಕೇಳಿ, ಮೊದಲನೆಯದಕ್ಕೆ “ಜವಾರಿ ಮುಚ್ಚೈತ್ರಿ” ಎಂದರು, ಎರಡನೆಯದಕ್ಕೆ “ಈಗ ತೆರದೈತಿ” ಎಂದರು. ಜವಾರಿ ಎಂದರೆ ತಂಬೂರಿಯ ಕುದುರೆಯ ಮೇಲೆ ತಂತಿ ಸವರಿಕೊಂಡು ಹೋಗುವ ಜಾಗ; ಅದನ್ನು ಅರದಿಂದ ತೀಡಿ, ತಂತಿಯ ಕೆಳಗೆ ನೂಲೆಳೆ ಸರಿಸಿ ದನಿ ಬಿಡಿಸುವುದೇ ಅವರ ಕಸುಬು. ಎರಡು ತಂಬೂರಿಗಳ ಬಗ್ಗೆ ಮಾತಾಡುವ ಹಾಗೆ ಅವರು ಮಾತಾಡಿದರು.

ಇದೇ ಮುಳ್ಳು ಬೇರೆ ಸಂಗತಿಗಳನ್ನೂ ಹೇಳತೊಡಗಿತು. ‘ಪಿಂಜರಾ’ದ ಪ್ಲೇಟಿನಲ್ಲಿ ಒಂದು ಲಾವಣಿಯ ಗೆರೆಗಳು ಬೂದು ಬಣ್ಣಕ್ಕೆ ತಿರುಗಿವೆ, ಮುಳ್ಳು ಅಲ್ಲಿಗೆ ಬಂದಾಗ ದನಿ ಒಡೆಯುತ್ತದೆ, ಯಾವ ಮೊನೆಗೂ ಅಲ್ಲಿ ಏನೂ ಉಳಿದಿಲ್ಲ. ಅದರ ಮುಂದಿನ ಹಾಡು ನಿನ್ನೆ ಅಚ್ಚಾದ ಹಾಗಿದೆ. ದಾಸರ ಪದಗಳ ಪ್ಲೇಟಿನಲ್ಲಿ ಲಕ್ಷ್ಮಿಯ ಹಾಡಿನ ಮೊದಲ ಸಾಲು ಪೂರ್ತಿ ಸವೆದಿದೆ, ಕೊನೆಕೊನೆಗೆ ಚೊಕ್ಕವಾಗುತ್ತ ಹೋಗುತ್ತದೆ. ಮದುಮಗಳು ಹೊಸ್ತಿಲು ದಾಟುತ್ತಲೂ ಅಪ್ಪ ಮುಳ್ಳು ಎತ್ತಿ ಮುಂದಿನ ಪ್ಲೇಟಿಗೆ ಹೋಗುತ್ತಿದ್ದನಂತೆ. ಯಾವ ಊರು ಯಾವ ಹಾಡನ್ನು ಮತ್ತೆ ಮತ್ತೆ ಹಾಕಿಸಿತು ಎನ್ನುವ ಲೆಕ್ಕ ಈ ಗೆರೆಗಳಲ್ಲೇ ಉಳಿದಿದೆ. ಮ್ಯಾಗ್ನೆಟ್ ಕಾರ್ಟ್ರಿಜ್ಜಿನಲ್ಲಿ ಎಲ್ಲವೂ ಒಂದೇ ಸಮನೆ ಹಳೆಯದಾಗಿ ಕೇಳುತ್ತಿತ್ತು. ಈಗ ಸವೆದದ್ದು ಬೇರೆ, ಉಳಿದದ್ದು ಬೇರೆ. ಯಾರೂ ಕೇಳದೆ ಬಿಟ್ಟ ಹಾಡುಗಳೇ ಅತಿ ಚೆಂದವಾಗಿ ಉಳಿದಿವೆ ಎನ್ನುವುದಕ್ಕೆ ಸಂತೋಷ ಪಡಬೇಕೋ ಏನೋ.

ಅರಗಿನ ಪ್ಲೇಟುಗಳನ್ನು ಇದು ಮುಟ್ಟುವ ಹಾಗಿಲ್ಲ. ಅವುಗಳ ಗೆರೆ ಅಗಲ, ಅವಕ್ಕೆ ಎಲ್‌ಪಿಯ ಮುಳ್ಳಿಗಿಂತ ನಾಲ್ಕು ಪಟ್ಟು ದಪ್ಪ ಮೊನೆ ಬೇಕು. ಹೀಗಾಗಿ ಹಳೆಯ ವಿಎಂ95 ಕೆಲಸ ಕಳೆದುಕೊಳ್ಳಲಿಲ್ಲ. ಅದೇ ಪೆಟ್ಟಿಗೆಗೆ 78ರ ಮುಳ್ಳು ಸಿಕ್ಕಿಸಿ ಇಟ್ಟಿದ್ದೇನೆ. ಗಾಂಧಾರಿ ಹುಬಳೀಕರ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಎಳೆಯ ದನಿಯ ಗಂಗೂಬಾಯಿ ಹಾನಗಲ್ಲರೂ, ಕರೀಂ ಖಾನರೂ ನಮ್ಮ ಮನೆಗೆ ಬರುವುದು ಅದರ ಮೂಲಕ.

ಮನೆಯೂ ಬದಲಾಗಬೇಕಾಯಿತು. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಗೆ ಹೋಗುತ್ತವೆ, ಹಾಡು ಹಚ್ಚಿಕೊಂಡೇ ಹೋಗುತ್ತವೆ. ಹಾಡು ಕಿಟಕಿಯಿಂದ ಬರುತ್ತದೆ, ಮುಚ್ಚಬಹುದು. ಗಾಲಿಯ ನಡುಕ ನೆಲದಿಂದ ಬರುತ್ತದೆ, ಈ ಮುಳ್ಳು ಅದನ್ನೂ ಬಿಡದೆ ಓದುತ್ತದೆ. ಗೋಡೆಗೆ ಕಬ್ಬಿಣದ ಬ್ರಾಕೆಟ್ ಹೊಡೆಸಿ, ಅದರ ಮೇಲೆ ಕಡಪಾ ಕಲ್ಲು ಕೂರಿಸಿ ಟರ್ನ್‌ಟೇಬಲನ್ನು ನೆಲದಿಂದ ಬಿಡಿಸಿದೆ. ಫ್ಯಾನು ಬಂದ್. ಮನೆಯವಳು ಆ ಹೊತ್ತಿಗೆ ಮಿಕ್ಸರ್ ಹಾಕುವುದಿಲ್ಲ. ಅರ್ಧ ವೋಲ್ಟಿನ ಕಾಲದಲ್ಲಿ ಊರು ನಮ್ಮ ದನಿಗೆ ಕಿವಿ ಕೊಡಬೇಕಿತ್ತು. ಅರ್ಧ ಮಿಲಿವೋಲ್ಟಿನ ದನಿಗೆ ಮನೆಯವರೆಲ್ಲ ಸುಮ್ಮನಿರಬೇಕು.

ಇಷ್ಟೆಲ್ಲ ಯಾರ ಕಿವಿಗಾಗಿ ಎಂಬ ಪ್ರಶ್ನೆ ಉಳಿಯುತ್ತದೆ. ಮಿರಜೆಯ ಕಿವಿ ಡಾಕ್ಟರರೊಬ್ಬರು ನನ್ನ ಕಿವಿಯ ನಕ್ಷೆ ತೆಗೆದು ತೋರಿಸಿದರು. 4000 ಹರ್ಟ್ಸ್ ಬಳಿ ಎರಡೂ ಕಿವಿಯಲ್ಲಿ ತಗ್ಗು. ಜೋರು ಸದ್ದು ತಿಂದ ಕಿವಿಯ ಗುರುತು ಅದು. ಹುಡುಗನಾಗಿದ್ದಾಗ ರಜೆಯಲ್ಲೆಲ್ಲ ಅಪ್ಪನ ಜೊತೆ ಪ್ಲೇಟು ಬದಲಿಸುತ್ತ ಭೋಂಗಾದ ಬುಡದಲ್ಲೇ ಕೂತಿರುತ್ತಿದ್ದೆ. ಈ ಕಾರ್ಟ್ರಿಜ್ 40,000 ಹರ್ಟ್ಸಿಗೂ ಮೇಲಿನದನ್ನು ಓದುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದಾರೆ. ಅರವತ್ತೊಂದರ ನನ್ನ ಕಿವಿ ಹತ್ತು ಸಾವಿರ ಮುಟ್ಟಿದರೆ ಪುಣ್ಯ. ಹಾಗಾದರೆ ನಾನು ಕೇಳುತ್ತಿರುವುದು ಆ ಎತ್ತರವನ್ನಲ್ಲ. ಸ್ವರ ಶುರುವಾಗುವ ಅಂಚು, ಒಂದು ಸ್ವರ ನಿಂತು ಇನ್ನೊಂದು ಹುಟ್ಟುವ ನಡುವಿನ ಜಾಗ, ತಂಬೂರಿಯ ಕೆಳಗಿನ ನಿಶ್ಶಬ್ದ, ಇವು ನನಗೆ ಸಿಗುತ್ತಿವೆ. ತಗ್ಗು ಇನ್ನೂ ಆಳವಾಗುತ್ತದೆ ಎಂದು ಡಾಕ್ಟರರು ಹೇಳಿದ್ದಾರೆ. ಅಪ್ಪನ ದಾರಿ ನನಗೆ ಗೊತ್ತಿದೆ. ಹತ್ತು ವರ್ಷ ಕಾದು ಕೊಳ್ಳುವ ವಸ್ತು ಇದಾಗಿರಲಿಲ್ಲ.

ಮುಳ್ಳಿಗೂ ಆಯುಷ್ಯ ಇದೆ. ಈ ಮೊನೆಗೆ ತಯಾರಕರು ಹೇಳುವುದು 1000 ಗಂಟೆ. ಒಂದು ಎಲ್‌ಪಿಗೆ ನಲವತ್ತು ನಿಮಿಷ ಹಿಡಿದರೆ 1500 ಸಲ. ನನ್ನಲ್ಲಿರುವ ನೂರೈವತ್ತು ಪ್ಲೇಟುಗಳನ್ನು ತಲಾ ಹತ್ತು ಸಲ ಕೇಳಬಹುದು. ಅದಕ್ಕೇ ಒಂದು ವಹಿ ಇಟ್ಟಿದ್ದೇನೆ: ತಾರೀಖು, ಪ್ಲೇಟು, ಬದಿ, ನಿಮಿಷ. ಅಪ್ಪನ ಅಂಗಡಿಯ ವಹಿಯಲ್ಲೂ ಇಂಥವೇ ಕಲಮುಗಳಿದ್ದವು: ತಾರೀಖು, ಊರು, ತಾಸು, ಬಾಡಿಗೆ. ಮೊನ್ನೆ ರಾತ್ರಿ ಮನ್ಸೂರರ ಮೊದಲ ಬದಿ ಮುಗಿದು ನಾನು ಬರೆಯುತ್ತಿರುವಾಗ ಅಪ್ಪ ಕನ್ನಡಕ ಏರಿಸಿ ಪುಟ ಓದಿದ.

“ತಾಸಿನ ಲೆಕ್ಕ ಬರದೀ, ಖರೆ. ಬಾಡಿಗಿ ಯಾರ ಕಡಿಂದ ವಸೂಲ ಮಾಡ್ತಿ?”

ನನಗೆ ಉತ್ತರ ಹೊಳೆಯಲಿಲ್ಲ. ಅವನು ಸ್ಪೀಕರಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕೂತ. ನಾನು ಪ್ಲೇಟು ಮಗುಚಿದೆ.